ಕುಟುಂಬ ‘ಅ’ದ ಪುರುಷ ಸದಸ್ಯ

ಪಿಎಚ್.ಡಿ.ಗೆ ನನ್ನ ಹೆಸರು ನೋಂದಣಿಯಾದ ವಾರವೇ ನಮ್ಮ ಕಾಲೇಜಿನಲ್ಲಿ ನನಗೆ ಸನ್ಮಾನ ಮಾಡಿದರು. ಇನ್ನೂ ಒಂದು ಸಾಲು ಬರೆದಿರಲಿಲ್ಲ. ಆದರೆ ಬೈಲಹೊಂಗಲದಲ್ಲಿ ಚಲೋ ಸುದ್ದಿಯನ್ನು ಅದು ಪೂರ್ತಿ ಆಗುವತನಕ ಯಾರೂ ಕಾಯಿಸಿ ಇಡುವುದಿಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾನೂ ಸುಮ್ಮನಿರದೆ ಸಂಶೋಧನೆ ಎಂದರೆ ತಪಸ್ಸು ಎಂದು ಉದ್ದನೆಯ ಭಾಷಣ ಮಾಡಿದೆ. ಬಿ.ಕಾಂ. ಹುಡುಗರು ಜೋರಾಗಿ ಚಪ್ಪಾಳೆ ತಟ್ಟಿದರು. ಮುಂದಿನ ಪೀರಿಯಡ್ಡು ನನ್ನದೇ ಇತ್ತು, ಭಾಷಣದ ದೆಸೆಯಿಂದ ಅದು ರದ್ದಾಗಿತ್ತು.

ಅದೇ ಉಮೇದಿನಲ್ಲಿ ಮನೆ ಬಾಗಿಲಿಗೆ ಹೊಸ ನಾಮಫಲಕ ಬರೆಸಿದೆ. ಹೆಸರಿನ ಮುಂದೆ ‘ಡಾ.’ ಕೂಡುವಷ್ಟು ಜಾಗ ಬಿಡಲು ಪೇಂಟರನಿಗೆ ಹೇಳಿದ್ದೆ. ನಮ್ಮವ್ವ ಅದನ್ನು ನೋಡಿ, ಮುಂದಿನ ಹಲ್ಲು ಬಿದ್ದಂಗ ಕಾಣ್ತದ ಅಂದಳು. ನನ್ನ ಪ್ರಬಂಧದ ಶೀರ್ಷಿಕೆಯನ್ನು ಅವಳಿಗೆ ಓದಿ ಹೇಳಿದೆ: ‘ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳಲ್ಲಿ ಲೆಕ್ಕಪತ್ರ ನಿರ್ವಹಣಾ ಪದ್ಧತಿಗಳು: ಒಂದು ವಿಶ್ಲೇಷಣಾತ್ಮಕ ಅಧ್ಯಯನ.’ ಅವ್ವ ಇದು ಹೆಸರೋ ವಿಳಾಸವೋ ಎಂದು ಕೇಳಿದಳು.

ನನ್ನ ಹೆಂಡತಿ ರಾಮದುರ್ಗದವಳು. ನನ್ನ ಹಾಗೆಯೇ ಎಂ.ಕಾಂ. ಓದಿದ್ದಳು, ಅಂಕಗಳು ನನಗಿಂತ ಹೆಚ್ಚು. ಮುಂಜಾನೆ ಒಂದು ಪದವಿಪೂರ್ವ ಕಾಲೇಜಿನಲ್ಲಿ ಒಂದೆರಡು ತಾಸು ಪಾಠ ಹೇಳಿ, ಮನೆಗೆ ಬಂದು ಅಡುಗೆ ಮಾಡುತ್ತಿದ್ದಳು. ಸನ್ಮಾನದ ಹಣ್ಣಿನ ಬುಟ್ಟಿಯಿಂದ ಒಂದು ಸೇಬು ತೆಗೆದು ಹೆಚ್ಚುತ್ತ, ಪ್ರಶ್ನಾವಳಿ ಮಾಡಿದಿರೇನು ಎಂದು ಮಾತ್ರ ಕೇಳಿದಳು.

ಮಾಡಿದ್ದೆ. ಇಂಗ್ಲಿಷಿನ ಯಾವುದೋ ಪ್ರಶ್ನಾವಳಿಯನ್ನು ಮುಂದಿಟ್ಟುಕೊಂಡು, ಪದಕೋಶ ಹಿಡಿದು, ಕನ್ನಡಕ್ಕೆ ಇಳಿಸಿದ್ದೆ. ‘ನಮ್ಮ ಸಂಘವು ಉಪಾರ್ಜನೆ ಆಧಾರಿತ ಲೆಕ್ಕಪದ್ಧತಿಯನ್ನು ಅನುಸರಿಸುತ್ತದೆ’ ಎಂಬಂಥ ವಾಕ್ಯಗಳು. ಪ್ರತಿ ವಾಕ್ಯದ ಮುಂದೆ ಐದು ಚೌಕಟ್ಟು. ಸಂಪೂರ್ಣ ಒಪ್ಪುತ್ತೇನೆ ಎನ್ನುವಲ್ಲಿಂದ ಸಂಪೂರ್ಣ ನಿರಾಕರಿಸುತ್ತೇನೆ ಎನ್ನುವವರೆಗೆ, ನಡುವೆ ತಟಸ್ಥ. ಯಾವುದೋ ಒಂದಕ್ಕೆ ಟಿಕ್ ಹಾಕಬೇಕು. ಅದನ್ನು ಝೆರಾಕ್ಸ್ ಮಾಡಿಸಿ, ದಪ್ಪನೆಯ ಚೀಲದಲ್ಲಿ ತುಂಬಿಕೊಂಡು ಒಂದು ಬೆಳಗ್ಗೆ ಹೂಲಿಗೆ ಹೊರಟೆ. ಅಲ್ಲಿ ಶ್ಯಾವಿಗೆ, ಹಪ್ಪಳ ಮಾಡಿ ಸವದತ್ತಿಯ ಅಂಗಡಿಗಳಿಗೆ ಕೊಡುವ ಒಂದು ಸಂಘವಿದೆ ಎಂದು ಕೇಳಿದ್ದೆ.

ಆ ದಿನ ಹುಣ್ಣಿಮೆ ಎಂಬುದನ್ನು ನಾನು ನೋಡಿರಲಿಲ್ಲ. ಸವದತ್ತಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇವಿಯ ಗುಡ್ಡಕ್ಕೆ ಹೊರಟ ಮಂದಿ ಪೂಜೆಯ ಪಡ್ಡಲಗಿ, ಬುಟ್ಟಿ, ಗಂಟು, ಕೋಳಿ, ಕೂಸು ಎಲ್ಲ ಸಮೇತ ತುಂಬಿಕೊಂಡಿದ್ದರು. ಮುರಗೋಡ ದಾಟುವುದರೊಳಗೆ ಒಬ್ಬ ಅಜ್ಜಿ ನನ್ನ ಹಣೆಗೆ, ತಿಕ್ಕಾಟದಲ್ಲಿ ಅಂಗಿಗೆ, ಕೊನೆಗೆ ಚೀಲಕ್ಕೂ ಭಂಡಾರ ಬಳಿದಿದ್ದಳು. ಹೂಲಿಯಲ್ಲಿ ಇಳಿದಾಗ ನನ್ನ ಬಿಳಿ ಅಂಗಿ ಪೂರ್ತಿ ಹಳದಿ. ಸಂಘದ ಅಧ್ಯಕ್ಷೆ, ಗಟ್ಟಿ ದನಿಯ ಐವತ್ತರ ಹೆಂಗಸು, ನನ್ನನ್ನು ನೋಡಿದವಳೇ ಗುಡ್ಡಕ್ಕ ಹೋಗಿ ಬಂದ್ರೇನ್ರಿ ಅಂದು, ನನ್ನ ಅಂಗಿಯ ಮೇಲಿನ ಭಂಡಾರವನ್ನೇ ಬೆರಳಿಗೆ ತಾಗಿಸಿ ಹಣೆಗೆ ಹಚ್ಚಿಕೊಂಡಳು. ಉಳಿದವರೂ ಬಂದು ಹಚ್ಚಿಕೊಂಡರು. ನಾನು ವಿಶ್ವವಿದ್ಯಾಲಯದಿಂದ ಬಂದಿದ್ದೇನೆ ಎಂದು ಹೇಳುವುದರೊಳಗೆ ನಾನು ಪ್ರಸಾದವಾಗಿಬಿಟ್ಟಿದ್ದೆ.

ಅವರು ನನ್ನನ್ನು ನೆರಳಿಗೆ ಕೂಡ್ರಿಸಿ, ಅವಲಕ್ಕಿ ಚಹ ಕೊಟ್ಟು, ಹಳದಿ ಹತ್ತಿದ ಪ್ರಶ್ನಾವಳಿಗಳನ್ನು ಹಂಚಿಕೊಂಡರು. ಓದಲು ಬರುವವರು ಬಾರದವರಿಗೆ ಓದಿ ಹೇಳಿದರು. ನಾನು ಎಣಿಸಿದ್ದಕ್ಕಿಂತ ಬಹಳ ಬೇಗ ಎಲ್ಲ ಹಾಳೆಗಳೂ ತುಂಬಿ ವಾಪಸು ಬಂದವು. ಇಷ್ಟು ಸುಲಭವೇ ಕ್ಷೇತ್ರಕಾರ್ಯ ಎಂದು ನನಗೆ ಹೆಮ್ಮೆಯಾಯಿತು. ಮುಂದಿನ ತಿಂಗಳುಗಳಲ್ಲಿ ಕಿತ್ತೂರಿನ ಸುತ್ತ, ರಾಮದುರ್ಗದ ಸುತ್ತ, ನಮ್ಮ ಬೈಲಹೊಂಗಲದಲ್ಲೇ ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ಹೀಗೆಯೇ ತಿರುಗಿ, ಎರಡು ರಟ್ಟಿನ ಡಬ್ಬಿ ತುಂಬ ಹಾಳೆ ಕೂಡಿಹಾಕಿದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಪಾದಯಾತ್ರೆಗಳ ವರ್ಣನೆ ಕೇಳಿ ಕೇಳಿ ಸಹೋದ್ಯೋಗಿಗಳು ಚಹದ ಹೊತ್ತು ಬದಲಿಸಿಕೊಂಡರು.

ನನ್ನ ಮಾರ್ಗದರ್ಶಕರು ಕಡಿಮೆ ಮಾತಿನ ಮನುಷ್ಯ. ನಿವೃತ್ತಿಗೆ ಹತ್ತಿರವಾಗಿದ್ದರು. ಯಾವ ಸಂಶೋಧಕ ಏನು ತಂದುಕೊಟ್ಟರೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಆತುರವಿಲ್ಲದೆ ನೋಡುತ್ತಿದ್ದರು. ನಾನು ಡಬ್ಬಿಗಳನ್ನು ಅವರ ಮೇಜಿನ ಮೇಲಿಟ್ಟು, ಕಂಪ್ಯೂಟರಿನಲ್ಲಿ ತಯಾರಿಸಿದ ಕೋಷ್ಟಕಗಳನ್ನು ಮುಂದೆ ಹಿಡಿದೆ. ಅವರು ಒಂದು ಹಾಳೆ ತೆಗೆದರು, ಇನ್ನೊಂದು ತೆಗೆದರು, ಡಬ್ಬಿಯ ತಳದಿಂದ ಮತ್ತೊಂದು ಎಳೆದರು. ಎಲ್ಲ ಕಡೆಗೂ ಟಿಕ್ ಮೊದಲ ಚೌಕಟ್ಟಿನಲ್ಲೇ ಇತ್ತು. ಸಂಘದ ಲೆಕ್ಕ ದಿನಾಲು ಬರೆಯುತ್ತೇವೆ ಎಂಬ ವಾಕ್ಯಕ್ಕೂ ಸಂಪೂರ್ಣ ಒಪ್ಪಿಗೆ. ಲೆಕ್ಕ ಬರೆಯಲು ನಮಗೆ ಹೊತ್ತೇ ಸಿಗುವುದಿಲ್ಲ ಎಂಬ ವಾಕ್ಯಕ್ಕೂ ಸಂಪೂರ್ಣ ಒಪ್ಪಿಗೆ.

“ಇದು ದತ್ತಾಂಶ ಅಲ್ರಿ. ಆಶೀರ್ವಾದ,” ಅಂದರು ಅವರು.

ಅಷ್ಟೇ ಅಂದು ಡಬ್ಬಿ ಮುಚ್ಚಿದರು. ಬಿಸಿಲಲ್ಲಿ ಬಂದ ಮಾಸ್ತರನಿಗೆ ಇಲ್ಲ ಅನ್ನುವುದು ಹೇಗೆ ಎಂದು ನಾಲ್ಕು ತಾಲೂಕಿನ ಹೆಣ್ಣುಮಕ್ಕಳು ಸೇರಿ ನನಗೆ ಮರ್ಯಾದೆ ಕೊಟ್ಟಿದ್ದರು. ಬರುವಾಗ ಬಸ್ಸಿನಲ್ಲಿ ಆ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಕಂಡಕ್ಟರು ಅವಕ್ಕೆ ಲಗೇಜ್ ಚೀಟಿ ಹರಿದ. ಯಾಕೋ ಅದು ಬಹಳ ಅನ್ಯಾಯ ಅನ್ನಿಸಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ಅಲ್ಲಿಯ ಹೆಂಗಸರ ಜತೆ ನೀವು ಏನೇನು ಮಾತಾಡಿದಿರಿ ಎಂದು ವಿಚಾರಿಸಿದಳು. ಪ್ರಶ್ನಾವಳಿಯಲ್ಲಿ ಇದ್ದುದನ್ನೇ ಮಾತಾಡಿದೆ ಎಂದೆ. ಬರುವ ರವಿವಾರ ತಾನೂ ಹೂಲಿಗೆ ಬರುವುದಾಗಿ ಹೇಳಿದಳು. ಮಗಳು ಆಗ ಪ್ರಾಥಮಿಕ ಸಾಲಿಯಲ್ಲಿದ್ದಳು, ಅವಳನ್ನು ಅವ್ವನ ಬಳಿ ಬಿಟ್ಟು ನಾವಿಬ್ಬರೂ ಸ್ಕೂಟರಿನ ಮೇಲೆ ಹೊರಟೆವು.

ಹೂಲಿಯಲ್ಲಿ ಅವತ್ತು ಶ್ಯಾವಿಗೆ ಹಾಕುತ್ತಿದ್ದರು. ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಅವರ ನಡುವೆ ಕುಳಿತು, ಒಣಗಿದ ಎಳೆಗಳನ್ನು ಸುರುಳಿ ಮಾಡಿ ಬುಟ್ಟಿಗೆ ಹಾಕತೊಡಗಿದಳು. ನನ್ನನ್ನು ದೂರ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂಡ್ರಿಸಿದರು. ಅವಳು ಯಾವ ಹಾಳೆಯನ್ನೂ ಹೊರಗೆ ತೆಗೆಯಲಿಲ್ಲ. ಒಂದು ಕಿಲೋ ಶ್ಯಾವಿಗೆಗೆ ಈ ದರ ಹೇಗೆ ಗೊತ್ತು ಮಾಡಿದಿರಿ ಎಂದು ಕೇಳಿದಳಂತೆ. ರವೆ, ಎಣ್ಣೆ, ಪ್ಯಾಕೆಟ್ಟು, ಬಸ್ ಚಾರ್ಜು ಎಂದು ಅಧ್ಯಕ್ಷೆ ಹೇಳಿದಳು. ನೀವು ಕುಂತು ಮಾಡಿದ್ದಕ್ಕ ಎಷ್ಟು ಹಿಡದೀರಿ ಎಂದು ಇವಳು ಕೇಳಿದ್ದೇ ತಡ, ಗುಂಪಿನಲ್ಲಿ ವಾದ ಎದ್ದಿತು. ಅದನ್ನೂ ಹಿಡಿಯಬೇಕು ಎಂದು ಒಬ್ಬಳು, ಮನೆಯಲ್ಲಿ ಕುಂತು ಮಾಡಿದ್ದಕ್ಕೆ ಯಾವ ಪಗಾರ ಎಂದು ಇನ್ನೊಬ್ಬಳು, ಹಿಡಿದರೆ ಅಂಗಡಿಯವ ಕೊಳ್ಳುವುದಿಲ್ಲ ಎಂದು ಮೂರನೆಯವಳು. ಮರದ ಕೆಳಗೆ ನನಗೆ ದನಿಗಳು ಮಾತ್ರ ಕೇಳುತ್ತಿದ್ದವು. ಜಗಳವಾಗುತ್ತಿದೆ ಎಂದು ಗಾಬರಿಯಾಗಿ ಎದ್ದು ಹೋದೆ. ನಾನು ಹತ್ತಿರ ಬರುತ್ತಲೇ ಎಲ್ಲರೂ ಸುಮ್ಮನಾಗಿ ನನಗೆ ಚಹ ತರಿಸಿದರು. ಹೆಂಡತಿ ಕಣ್ಸನ್ನೆಯಲ್ಲೇ ನನ್ನನ್ನು ಮತ್ತೆ ಮರದ ಕೆಳಗೆ ಕಳಿಸಿದಳು.

ಆಮೇಲೆ ಅದೇ ರೂಢಿಯಾಯಿತು. ರವಿವಾರ ಸ್ಕೂಟರು, ಯಾವುದಾದರೂ ಊರು, ನನಗೊಂದು ನೆರಳು. ಕಿತ್ತೂರಿನ ಹತ್ತಿರ ಒಂದು ಸಂಘದವರು ನನ್ನನ್ನು ಡ್ರೈವರ್ ಎಂದು ತಿಳಿದು, ಅಕ್ಕಾವರಿಗೆ ಇನ್ನೂ ತಡ ಐತಿ, ನೀವು ಉಂಡು ಬರ್ರಿ ಅಂದರು. ನಾನು ಉಂಡು ಬಂದೆ. ರಾಮದುರ್ಗದಲ್ಲಿ ಸೀರೆಗೆ ಕುಚ್ಚು ಕಟ್ಟುವ ಹೆಂಗಸರ ಜತೆ ಅವಳು ದಿನವಿಡೀ ಕಳೆದಳು. ತವರೂರಾದ್ದರಿಂದ ಅಲ್ಲಿ ಅವಳ ಮಾತಿಗೆ ಮಿತಿಯೇ ಇರಲಿಲ್ಲ. ನಾನು ಅತ್ತೆಯ ಮನೆಯಲ್ಲಿ ಮಲಗಿ ನಿದ್ದೆ ಮಾಡಿದೆ. ಸಂಜೆ ಹಿಂದಿರುಗುವಾಗ ಅವಳು ಹಿಂದಿನ ಸೀಟಿನಿಂದ ಎಲ್ಲವನ್ನೂ ಹೇಳುತ್ತಿದ್ದಳು, ಗಾಳಿಯಲ್ಲಿ ಅರ್ಧ ಕೇಳುತ್ತಿತ್ತು. ಕೇಳಿದ ಅರ್ಧವನ್ನು ನಾನು ಸೋಮವಾರ ಪ್ರಬಂಧದ ಭಾಷೆಯಲ್ಲಿ ಬರೆಯುತ್ತಿದ್ದೆ. ಹೀಗೆ ನನ್ನ ಮೊದಲ ಎರಡು ಅಧ್ಯಾಯ ತಯಾರಾದವು.

ಮಾರ್ಗದರ್ಶಕರು ಅವನ್ನು ಓದಿ, ಇದನ್ನು ಕೇಳಿದವರು ಯಾರು ಎಂದು ವಿಚಾರಿಸಿದರು. ಹೆಂಡತಿ ಸ್ವಲ್ಪ ಸಹಾಯ ಮಾಡಿದಳು ಎಂದೆ. ಮುಂದಿನ ಸಲ ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ ಅಂದರು. ಕರೆದುಕೊಂಡು ಹೋದೆ. ಅವರಿಬ್ಬರು ಹೂಲಿಯ ಶ್ಯಾವಿಗೆಯ ದರದ ಬಗ್ಗೆ ಮಾತಾಡತೊಡಗಿದರು. ಮೇಜಿನ ಮೇಲಿದ್ದ ಪೇಪರ್‌ವೇಟ್ ತಿರುಗಿಸುತ್ತ ನಾನು ಕುಳಿತೆ. ಹೊರಡುವಾಗ ಅವರು ಅವಳಿಗೆ, ನೀವು ಯಾಕೆ ಪಿಎಚ್.ಡಿ.ಗೆ ನೋಂದಣಿ ಮಾಡಿಸಬಾರದು ಅಂದರು. ಸಂಘಗಳ ಲೆಕ್ಕದಲ್ಲಿ ಸೇರದೇ ಉಳಿಯುವ ಹೆಂಗಸರ ದುಡಿಮೆ ಎಂಬುದೇ ಒಂದು ಬೇರೆ ವಿಷಯ ಎಂದರು.

ನನಗೆ ಸಂತೋಷವಾಯಿತು. ನಿಜವಾಗಿಯೂ ಆಯಿತು. ಆ ಸಂತೋಷದಲ್ಲಿ ಒಂದು ದೊಡ್ಡಸ್ತಿಕೆಯೂ ಇತ್ತು. ನಾನು ಮುಂದೆ, ಅವಳು ನನ್ನ ಹಿಂದೆ, ಸ್ಕೂಟರಿನಲ್ಲಿ ಇದ್ದ ಹಾಗೆಯೇ. ಪ್ರವೇಶ ಪರೀಕ್ಷೆಗೆ ನಾನೇ ಅವಳಿಗೆ ಪಾಠ ಹೇಳಿದೆ. ಅಡುಗೆ ಮನೆಯ ಬಾಗಿಲಲ್ಲಿ ನಿಂತು ಸಂಖ್ಯಾಶಾಸ್ತ್ರ ವಿವರಿಸುವುದು, ಅವಳು ರೊಟ್ಟಿ ಬಡಿಯುತ್ತ ಕೇಳುವುದು. ಇದು ನಿನಗೆ ಕಷ್ಟ ಆಗಬಹುದು, ಹೆದರಬೇಡ, ನಾ ಅದೀನಿ ಎಂದು ಆಗಾಗ ಹೇಳುತ್ತಿದ್ದೆ. ಒಮ್ಮೆ ನಾನು ಹೇಳಿಕೊಟ್ಟ ಒಂದು ಸೂತ್ರದಲ್ಲಿ ವರ್ಗಮೂಲ ಬಿಟ್ಟುಹೋಗಿದೆ ಎಂದು ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವುತ್ತಲೇ ಅಂದಳು. ಹೋಗಿ ಪುಸ್ತಕ ನೋಡಿದೆ. ಬಿಟ್ಟುಹೋಗಿತ್ತು. ಪುಸ್ತಕದ ಮುದ್ರಣದಲ್ಲೇ ಗೊಂದಲವಿದೆ ಎಂದು ಬಂದು ತಿಳಿಸಿದೆ.

ಅವಳು ಪಾಸಾದಳು, ನೋಂದಣಿಯಾದಳು. ಅವಳಿಗೆ ಯಾರೂ ಸನ್ಮಾನ ಮಾಡಲಿಲ್ಲವಾದ್ದರಿಂದ ಅವಳು ಕೂಡಲೇ ಕೆಲಸಕ್ಕೆ ಕುಳಿತಳು. ನಮ್ಮ ಊಟದ ಮೇಜಿನ ಒಂದು ತುದಿ ನನ್ನದು, ಇನ್ನೊಂದು ತುದಿ ಅವಳದು. ಲ್ಯಾಪ್‌ಟಾಪು ಒಂದೇ. ನಾನು ಬರೆಯಲು ಕೂಡುವ ಮೊದಲು ನನಗೆ ಚಹ ಬೇಕು, ಕಿಟಕಿ ತೆರೆದಿರಬೇಕು, ಟಿ.ವಿ. ಬಂದಾಗಬೇಕು, ಓಣಿಯಲ್ಲಿ ತರಕಾರಿ ಗಾಡಿ ಹೋಗಿರಬೇಕು. ಇವೆಲ್ಲ ಕೂಡಿಬರುವ ಹೊತ್ತಿಗೆ ನನಗೆ ಹಸಿವಾಗುತ್ತಿತ್ತು. ಅವಳು ಕುಕ್ಕರಿನ ಸೀಟಿಗಳ ನಡುವೆ ಬರೆಯುತ್ತಿದ್ದಳು. ನಾನು ಇನ್ನೂ ಪೂರ್ವಾಧ್ಯಯನಗಳ ಸಮೀಕ್ಷೆಯಲ್ಲಿ ಯಾರು ಯಾವಾಗ ಏನು ಹೇಳಿದರು ಎಂದು ತಡಕಾಡುತ್ತಿರುವಾಗ ಅವಳ ಪ್ರಬಂಧ ಬೈಂಡಿಂಗಿಗೆ ಹೋಯಿತು. ಅದರ ಮೊದಲು ನನಗೆ ಓದಲು ಕೊಟ್ಟಿದ್ದಳು. ನಾನು ಮುನ್ನುಡಿಯಲ್ಲಿ ಕೆಲವು ಅಲ್ಪವಿರಾಮಗಳನ್ನು ಸರಿಪಡಿಸಿ, ಚಲೋ ಆಗೇತಿ ಎಂದು ಹಿಂದಿರುಗಿಸಿದ್ದೆ. ಕಾಲೇಜಿನಲ್ಲಿ ಮಾತ್ರ, ಪೂರ್ತಿ ನಾನೇ ತಿದ್ದಿಕೊಟ್ಟೆ ಎಂದು ಹೇಳಿಕೊಂಡು ಓಡಾಡಿದೆ.

ಅವಳ ಮೌಖಿಕ ಪರೀಕ್ಷೆ ಬಂತು. ಅದು ಮುಕ್ತ ಪರೀಕ್ಷೆ. ಸಭೆಯಲ್ಲಿ ಕುಳಿತ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಯಾರೂ ಕೇಳದಿದ್ದರೆ ಅಭ್ಯರ್ಥಿಗೆ ಅವಮಾನವೇನೋ ಎಂದು ನನಗೆ ಅನ್ನಿಸಿತ್ತು. ಆದ್ದರಿಂದ ಒಂದು ತೂಕದ ಪ್ರಶ್ನೆ ತಯಾರು ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎರಡನೇ ಸಾಲಿನಲ್ಲಿ ಕುಳಿತೆ. ಹೊರಗಿನಿಂದ ಬಂದ ಪರೀಕ್ಷಕರು ಮೈಸೂರು ಕಡೆಯವರು, ಗಂಭೀರ ಮನುಷ್ಯ. ಅವರಿಗೆ ನಾನು ಯಾರೆಂಬುದು ಗೊತ್ತಿರಲಿಲ್ಲ.

ಅವಳು ಚೆನ್ನಾಗಿ ಮಾತಾಡಿದಳು. ಮನೆಯಲ್ಲಿ ನಾನು ಕೇಳಿದ ದನಿ ಅದಲ್ಲ. ಪರೀಕ್ಷಕರ ಪ್ರಶ್ನೆಗಳಿಗೆ ಬೇಕಾದಷ್ಟೇ ಉತ್ತರ, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂಬ ಮಾತು. ಸಭೆಯಿಂದ ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಹೆಂಗಸರ ಎಣಿಕೆಗೆ ಬಾರದ ದುಡಿಮೆಯನ್ನು ಅಳೆಯುವ ಈ ವಿಧಾನವನ್ನು, ಸಂಘಗಳಿಗೆ ಹೋಗುವ ಮೊದಲು, ಸಂಶೋಧಕರು ಎಲ್ಲಿಯಾದರೂ ಪರೀಕ್ಷಿಸಿ ನೋಡಿದ್ದಾರೆಯೇ ಎಂದು ಕೇಳಿದೆ.

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಬೇಡವಾಗಿತ್ತು ಎಂಬಂಥ ನೋಟ. ಆದರೆ ಸಭೆಯಲ್ಲಿ ಉತ್ತರಿಸಲೇಬೇಕು. ನೋಡಿದ್ದೇನೆ, ಒಂದು ಕುಟುಂಬದಲ್ಲಿ, ಅದರ ವಿವರ ನಾಲ್ಕನೇ ಅಧ್ಯಾಯದಲ್ಲಿದೆ, ಅದನ್ನು ಕುಟುಂಬ ‘ಅ’ ಎಂದು ಕರೆದಿದ್ದೇನೆ ಎಂದಳು. ಪರೀಕ್ಷಕರಿಗೆ ಅದು ನೆನಪಿತ್ತು. ಅದು ಬಹಳ ಸ್ವಾರಸ್ಯವಾಗಿದೆ, ಸಭೆಗೂ ಸ್ವಲ್ಪ ಹೇಳಿ ಎಂದರು.

ಅವಳು ಹೇಳಿದಳು. ಆ ಕುಟುಂಬದ ಪುರುಷ ಸದಸ್ಯ ಉನ್ನತ ಸಂಶೋಧನೆಯಲ್ಲಿ ತೊಡಗಿದ್ದಾನೆ. ತನ್ನ ಸಂಶೋಧನೆಗೆ ತಗಲುವ ವೆಚ್ಚವೆಂದರೆ ಬಸ್ಸು, ಝೆರಾಕ್ಸು, ವಿಶ್ವವಿದ್ಯಾಲಯದ ಶುಲ್ಕ ಎಂದು ಅವನು ನಂಬಿದ್ದಾನೆ. ಹೊರಡುವ ಮುನ್ನ ಊಟದ ಡಬ್ಬಿ ಕಟ್ಟುವುದು, ಸಂಘದವರಿಗೆ ಫೋನು ಮಾಡಿ ಹೊತ್ತು ಗೊತ್ತು ಮಾಡುವುದು, ಬಂದ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬುವುದು, ಅವನು ಬರೆಯುವಾಗ ಮನೆಯನ್ನು ಸದ್ದಿಲ್ಲದಂತೆ ಇಡುವುದು, ಇವು ಅವನ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಇವನ್ನು ಸೇರಿಸಿದರೆ ಆ ಸಂಶೋಧನೆಯ ದೊಡ್ಡ ವೆಚ್ಚ ಇದೇ ಆಗುತ್ತದೆ.

ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕಂಗೆಡಿಸಿತು. ನಾನು ಇನ್ನೂ ನಿಂತೇ ಇದ್ದೆ. ನಮ್ಮ ಕಾಲೇಜಿನಿಂದ ಬಂದಿದ್ದವರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಮಾರ್ಗದರ್ಶಕರು ತಲೆ ಎತ್ತಿ ಫ್ಯಾನು ನೋಡತೊಡಗಿದರು.

ಪರೀಕ್ಷಕರಿಗೆ ಮಾತ್ರ ಏನೂ ತಿಳಿಯಲಿಲ್ಲ. “ಆ ಪುರುಷ ಸದಸ್ಯರಿಗೆ ಈ ಪ್ರಬಂಧದ್ದೊಂದು ಪ್ರತಿ ಕೊಡಬೇಕಿತ್ತು ನೀವು,” ಅಂದರು.

“ಕೊಟ್ಟೇನ್ರಿ ಸರ್. ಅವರು ಇನ್ನೂ ಓದಿಲ್ಲ,” ಅಂದಳು ಅವಳು.

ಸಭೆ ನಕ್ಕಿತು. ಪರೀಕ್ಷಕರೂ ನಕ್ಕು, ನನ್ನ ಕಡೆ ತಿರುಗಿ, ನಿಮಗೆ ಉತ್ತರ ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತು ಎಂದು ಕುಳಿತೆ. ಮಧ್ಯಾಹ್ನದ ಊಟದಲ್ಲಿ ಯಾರೋ ಅವರಿಗೆ ವಿಷಯ ತಿಳಿಸಿರಬೇಕು. ಅವರು ತಮ್ಮ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದು ನಿಂತು, ಹೋಳಿಗೆ ಚೆನ್ನಾಗಿದೆ ಅಂದರು. ಚೆನ್ನಾಗಿದೆ ಎಂದು ನಾನೂ ಒಪ್ಪಿದೆ.

ಬರುವಾಗ ದಾರಿಯಲ್ಲಿ ಅವಳು, ಸಿಟ್ಟು ಬಂತೇನ್ರಿ ಎಂದು ಕೇಳಿದಳು. ಇಲ್ಲ ಎಂದೆ, ಸಿಟ್ಟು ಬಂದವರು ಹೇಳುವ ಹಾಗೆಯೇ. ನಾ ಹೇಳಬಾರದು ಅಂತನ ಇದ್ದೆ, ನೀವ ಕೇಳಿದ್ರಿ ಎಂದು ಅವಳು ಅಂದಳು. ಅದೂ ನಿಜವೇ ಆಗಿತ್ತು.

ಆ ವಾರ ನಾನು ನಾಲ್ಕನೇ ಅಧ್ಯಾಯ ಓದಿದೆ. ಜಗಳಕ್ಕೆ ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತ ಓದಲು ಶುರುಮಾಡಿದ್ದು, ಕೊನೆಕೊನೆಗೆ ಅದನ್ನು ಮರೆತೆ. ಬರವಣಿಗೆ ಅಷ್ಟು ಚೆನ್ನಾಗಿತ್ತು. ಅದರಲ್ಲಿ ನನ್ನ ದುಡಿಮೆಯನ್ನೂ ಅವಳು ಬಿಟ್ಟಿರಲಿಲ್ಲ. ಪುರುಷ ಸದಸ್ಯ ರವಿವಾರಗಳಂದು ವಾಹನ ನಡೆಸುತ್ತಾನೆ, ಬಿಸಿಲಲ್ಲಿ ಕಾಯುತ್ತಾನೆ, ಗೊಣಗುವುದಿಲ್ಲ ಎಂದಿತ್ತು. ಅದಕ್ಕೆ ಸಂಜೆಯವರೆಗಿನ ಪೂರ್ತಿ ಕೂಲಿ ಹಿಡಿದಿದ್ದಳು. ಬಿಸಿಲೆಂದು ಬರೆದದ್ದು ಅವಳ ಔದಾರ್ಯ. ನಾನು ಯಾವಾಗಲೂ ನೆರಳಲ್ಲೇ ಕುಳಿತಿದ್ದೆ, ಹೆಚ್ಚಿನ ಸಲ ನಿದ್ದೆ ಮಾಡುತ್ತಿದ್ದೆ. ಆ ಸಾಲನ್ನು ಮತ್ತೊಮ್ಮೆ ಓದಿ, ಹೊರಗೆ ಹೋಗಿ ತರಕಾರಿ ತಂದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಇಷ್ಟಾದ ಮೇಲೆ ನನ್ನ ಪ್ರಬಂಧವನ್ನೂ ಮುಗಿಸದೇ ಬೇರೆ ದಾರಿಯಿರಲಿಲ್ಲ. ಅವಧಿ ವಿಸ್ತರಣೆಗೆ ಅರ್ಜಿ ಕೊಟ್ಟು, ಕಿಟಕಿ ಬಾಗಿಲುಗಳ ಚಿಂತೆ ಬಿಟ್ಟು ಬರೆದೆ. ಕೊನೆಗೊಂದು ದಿನ ಒಪ್ಪಿಸಿಬಂದೆ. ಪ್ರಬಂಧ ಸ್ವೀಕರಿಸುವ ಮೊದಲು ಅದು ನಕಲೋ ಸ್ವಂತದ್ದೋ ಎಂದು ಕಂಪ್ಯೂಟರಿನಲ್ಲಿ ಹೋಲಿಸಿ ನೋಡುತ್ತಾರೆ. ನನ್ನದನ್ನು ನೋಡಿದಾಗ ಹೋಲಿಕೆ ಮಿತಿ ಮೀರಿತ್ತು. ಮಾರ್ಗದರ್ಶಕರು ಫೋನು ಮಾಡಿ ಬರಹೇಳಿದರು, ಇಬ್ಬರೂ ಬನ್ನಿ ಅಂದರು.

ನಾನು ನಕಲು ಮಾಡಿದ್ದು ನನ್ನ ಹೆಂಡತಿಯ ಪ್ರಬಂಧದಿಂದ ಎಂದು ಆ ವರದಿ ಹೇಳುತ್ತಿತ್ತು. ಪುಟಗಟ್ಟಲೆ ಕೆಂಪು. ಹೂಲಿಯ ಬಗ್ಗೆ, ಕಿತ್ತೂರಿನ ಬಗ್ಗೆ, ರಾಮದುರ್ಗದ ಕುಚ್ಚಿನ ಬಗ್ಗೆ ಇದ್ದ ಪರಿಚಯದ ಭಾಗವೆಲ್ಲ ಕೆಂಪು. ನನಗೆ ಮೈ ಉರಿಯಿತು. ಆ ವಾಕ್ಯಗಳನ್ನು ಮೊದಲು ಬರೆದವನು ನಾನು ಎಂದೆ. ಹೌದು, ಮೊದಲು ಬರೆದದ್ದು ಇವರೇ ಎಂದು ಅವಳೂ ಒಪ್ಪಿದಳು. ಆದರೆ ಅವುಗಳನ್ನು ತನ್ನ ಪ್ರಬಂಧಕ್ಕಾಗಿ ಒಡೆದು, ಉದ್ದ ಕಡಿಮೆ ಮಾಡಿ, ಓದುವಂತೆ ತಿದ್ದಿದವಳು ಅವಳು. ತಿದ್ದಿದ್ದು ಚೆನ್ನಾಗಿ ಕಂಡಿದ್ದರಿಂದ ನಾನು ಅದನ್ನೇ ಮತ್ತೆ ನನ್ನದರಲ್ಲಿ ಇಟ್ಟುಕೊಂಡಿದ್ದೆ. ಅವಳು ಮೊದಲು ಒಪ್ಪಿಸಿದಳು. ಒಂದೇ ಮೇಜು, ಒಂದೇ ಲ್ಯಾಪ್‌ಟಾಪು. ಯಾವ ಸಾಲು ಯಾರದ್ದೆಂದು ನಾವಿಬ್ಬರೂ ಮಾರ್ಗದರ್ಶಕರ ಎದುರು ಕುಳಿತು ಬಿಡಿಸಲು ನೋಡಿದೆವು. ಎರಡು ಪುಟ ದಾಟುವುದರೊಳಗೆ ಅದು ಮನೆ ಪಾಲು ಮಾಡಿಕೊಂಡಂತೆ ಕಾಣತೊಡಗಿ, ನಾನೇ ಸಾಕೆಂದೆ.

ಮಾರ್ಗದರ್ಶಕರು ಕನ್ನಡಕ ಒರೆಸಿಕೊಂಡು, ಅವು ನಿಮ್ಮವೇ ಆಗಿದ್ದರೆ ಬೇರೆಯೂ ಬರೆಯಬಲ್ಲಿರಿ, ಬರೆದುಕೊಂಡು ಬನ್ನಿ ಅಂದರು.

ಅದಕ್ಕಾಗಿ ನಾನು ಒಬ್ಬನೇ ಮತ್ತೆ ರಾಮದುರ್ಗಕ್ಕೆ ಹೋದೆ. ಈ ಸಲ ಅತ್ತೆಯ ಮನೆಯಲ್ಲಿ ಮಲಗಲಿಲ್ಲ. ಕುಚ್ಚು ಕಟ್ಟುವವರ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತೆ. ನನ್ನನ್ನು ನೋಡಿ ಮೊದಲು ಅವರ ಮಾತು ನಿಂತಿತು. ಬಹಳ ಹೊತ್ತು ಕುಳಿತೇ ಇದ್ದುದರಿಂದ ನಾನಿರುವುದು ಅವರಿಗೆ ಮರೆತುಹೋಯಿತು, ಮತ್ತೆ ಮಾತು ಶುರುವಾಯಿತು. ತಿಂಗಳ ಕೊನೆಗೆ ಲೆಕ್ಕ ಬರೆಯುವ ಸರದಿ ಯಾರದು ಎಂದು ವಾದ ಬಂತು. ನಾ ಒಲ್ಲೆ, ನನ್ನ ಅಕ್ಷರ ಕೆಟ್ಟ ಎಂದು ಒಬ್ಬಳು, ಹೋದ ಸಲವೂ ಇದೇ ಹೇಳಿದಿ ಎಂದು ಇನ್ನೊಬ್ಬಳು. ನಾಲ್ಕು ತಾಲೂಕು ತಿರುಗಿದ ಮೇಲೆ ನನ್ನ ಎದುರಿಗೆ ಒಬ್ಬರು ಒಲ್ಲೆ ಅಂದದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ ನಕ್ಕುಬಿಟ್ಟೆ. ಅವರೂ ನಕ್ಕರು, ಯಾಕೆಂದು ಗೊತ್ತಿಲ್ಲದೆ. ಮನೆಗೆ ಬಂದು ಆ ಭಾಗವನ್ನು ಹೊಸದಾಗಿ ಬರೆದೆ. ಹೆಂಡತಿಗೆ ತೋರಿಸಲಿಲ್ಲ. ಆದ್ದರಿಂದ ವಾಕ್ಯಗಳು ಸ್ವಲ್ಪ ಉದ್ದವೇ ಉಳಿದವು.

ನನ್ನ ಮೌಖಿಕ ಪರೀಕ್ಷೆಯ ದಿನ ಸಭಾಂಗಣ ತುಂಬಿತ್ತು. ಹಿಂದಿನ ಸಲ ನಡೆದದ್ದು ಊರೆಲ್ಲ ಹಬ್ಬಿತ್ತು. ಈ ಸಲ ಹೆಂಡತಿ ಏನು ಕೇಳುತ್ತಾಳೆ ಎಂಬುದಕ್ಕೇ ಎಷ್ಟೋ ಮಂದಿ ಬಂದಿದ್ದರು. ಬೆಳಗ್ಗೆ ಉಪ್ಪಿಟ್ಟು ತಿನ್ನುತ್ತ, ಏನು ಕೇಳಬೇಕೆಂದು ಮಾಡೀದಿ ಎಂದು ಅವಳನ್ನು ಎರಡು ಸಲ ವಿಚಾರಿಸಿದೆ. ಅವಳು ನನ್ನ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಬಡಿಸಿದಳು.

ಸಭೆಯ ಪ್ರಶ್ನೆಗಳ ಹೊತ್ತು ಬಂದಾಗ ಅವಳು ಎದ್ದಳು. “ತಮ್ಮ ಅಧ್ಯಯನದ ಮಿತಿಗಳೇನು ಅಂತ ಹೇಳಬಹುದೇನ್ರಿ?” ಎಂದು ಕೇಳಿದಳು.

ಅದಕ್ಕಿಂತ ಸುಲಭದ ಪ್ರಶ್ನೆ ಇಲ್ಲ. ಉತ್ತರಿಸಲಾಗದವನೂ ಉತ್ತೀರ್ಣನಾಗಲೆಂದೇ ಕೇಳುವಂಥದ್ದು. ನಾನು ಪ್ರಶ್ನಾವಳಿಯ ಭಾಷೆಯಿಂದ ಶುರುಮಾಡಿದೆ. ಗಂಡಸೊಬ್ಬ ಹೋಗಿ ಕೇಳಿದರೆ ಬರುವ ಉತ್ತರಗಳು, ಮರದ ಕೆಳಗಿನ ಕುರ್ಚಿಯಿಂದ ಕೇಳಿಸದ ಮಾತುಗಳು, ಬೇರೆಯವರು ಕೂಡಿಸಿಕೊಟ್ಟ ಮಾಹಿತಿ, ಎಲ್ಲವನ್ನೂ ಹೇಳಿದೆ. ಆ ಒಂದು ಗಂಟೆಯಲ್ಲಿ ನಾನು ತಡವರಿಸದೆ ಮಾತಾಡಿದ್ದು ಅಲ್ಲಿ ಮಾತ್ರ. ಇನ್ನೂ ಹೇಳುವುದಿತ್ತು. ಪರೀಕ್ಷಕರು ಕೈ ಎತ್ತಿ, ಸಾಕು, ಪದವಿ ಕೊಡುವುದಕ್ಕೆ ನಮಗೂ ಏನಾದರೂ ಉಳಿಸಿ ಎಂದರು.

ಪದವಿ ಕೊಟ್ಟರು. ಮರುದಿನ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ‘ಡಾ.’ ಸೇರಿಸಿ ಸಹಿ ಹಾಕಿದೆ. ವಿಶ್ವವಿದ್ಯಾಲಯದ ಅಧಿಸೂಚನೆಯ ಪ್ರತಿ ಬರುವತನಕ ಹಾಗೆ ಬರೆಯಬಾರದು ಎಂದು ಆಫೀಸಿನಿಂದ ಪುಸ್ತಕ ವಾಪಸು ಬಂತು. ಹೊಡೆದುಹಾಕಿ, ಹಳೆಯ ಸಹಿ ಮಾಡಿ, ಬಿ.ಕಾಂ. ಮೊದಲ ವರ್ಷದವರಿಗೆ ಸವಕಳಿಯ ಲೆಕ್ಕ ಹೇಳಲು ಹೋದೆ.

ಆ ಸಂಜೆ ನಾನು ಪೇಪರು ಹಿಡಿದು ಕುಳಿತಿದ್ದೆ. ಅಡುಗೆ ಮನೆಯಿಂದ ಹೆಂಡತಿ, “ಡಾಕ್ಟರ, ಸಿಲಿಂಡರ್ ಖಾಲಿ ಆಗೇತಿ,” ಅಂದಳು. ನನ್ನನ್ನು ಹಾಗೆ ಮೊದಲು ಕರೆದವಳು ಅವಳೇ. ಎದ್ದು ಹೋಗಿ ತುಂಬಿದ ಸಿಲಿಂಡರನ್ನು ಉರುಳಿಸಿಕೊಂಡು ಬಂದೆ. ರೆಗ್ಯುಲೇಟರ್ ಕೂಡಲು ಎರಡು ಸಲ ತಪ್ಪಿತು, ಮೂರನೇ ಸಲ ಕೂತಿತು. ಅವಳು ಚಹಕ್ಕೆ ನೀರಿಟ್ಟಳು, ನಾನು ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಹುಡುಕತೊಡಗಿದೆ.